ಜಡ್ಜ್ ಸಂಬಳಕ್ಕೆ ಸಂವಿಧಾನದ ಕಾವಲು, ಸಾಕ್ಷಿಯ ಕೂಲಿಗೆ ಯಾರ ಕಾವಲು?



ನ್ಯಾಯಾಧೀಶರ ಸಂಬಳ ಏರಿಕೆಯ ಸುದ್ದಿ ಬಂದಾಗೆಲ್ಲ ನಮ್ಮ ಹುಡುಗರ ನಡುವೆ ಎರಡು ಮಾತು ಕೇಳ್ತೀನಿ. ಒಂದು, "ಲಕ್ಷಗಟ್ಟಲೆ ಸಂಬಳ ತಗೊಂಡು ಕೇಸನ್ನ ಇಪ್ಪತ್ತು ವರ್ಷ ಎಳೀತಾರೆ, ಇವರಿಗೆ ಇನ್ನೂ ಯಾಕಣ್ಣ ಕೊಡಬೇಕು?" ಇನ್ನೊಂದು, "ಕೊಡ್ಲಿ ಬಿಡಣ್ಣ, ಹೊಟ್ಟೆ ತುಂಬಿದ್ರೆ ಲಂಚ ಮುಟ್ಟಲ್ಲ."

ಎರಡೂ ಪೂರ್ತಿ ಸರಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳೋಕೆ ಅಮೆರಿಕದ ಪೆನ್ಸಿಲ್ವೇನಿಯಾ ಅನ್ನೋ ರಾಜ್ಯದಲ್ಲಿ 2005ರಲ್ಲಿ ನಡೆದ ಒಂದು ಕಥೆ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಓದಿ. ಕೊನೆಗೆ ಅದು ನಮ್ಮ ಕೇರಿಗೇ ಬರುತ್ತೆ.

ಮೊದಲು ಆ ರಾಜ್ಯದ ಹಿನ್ನೆಲೆ. ಅದೇ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಆಗಿದ್ದು. ಇಂಗ್ಲೆಂಡಿನ ದೊರೆಯ ಮೇಲೆ ಹೊರಿಸಿದ ಆರೋಪಗಳ ಪಟ್ಟಿ ಅದರಲ್ಲಿದೆ. ಆ ಪಟ್ಟಿಯಲ್ಲಿ ಒಂದು, ನ್ಯಾಯಾಧೀಶರ ಹುದ್ದೆಯನ್ನೂ ಸಂಬಳವನ್ನೂ ದೊರೆ ತನ್ನ ಮುಷ್ಟಿಯಲ್ಲಿ ಇಟ್ಕೊಂಡಿದ್ದಾನೆ ಅನ್ನೋದು. ಸಂಬಳ ದೊರೆ ಕೈಲಿದ್ರೆ ತೀರ್ಪೂ ದೊರೆ ಕೈಲೇ ಇರುತ್ತೆ, ಇಷ್ಟೇ ಅದರ ಸಾರ. ಹನ್ನೊಂದು ವರ್ಷದ ನಂತರ, 1787ರಲ್ಲಿ, ಅದೇ ಊರಲ್ಲಿ ಕೂತು ಸಂವಿಧಾನ ಬರೆದಾಗ ಫೆಡರಲ್ ನ್ಯಾಯಾಧೀಶರ ಸಂಬಳವನ್ನ ಅವರು ಹುದ್ದೆಯಲ್ಲಿ ಇರೋತನಕ ಇಳಿಸುವಂತಿಲ್ಲ ಅಂತ ಹಾಕಿದರು. ಪೆನ್ಸಿಲ್ವೇನಿಯಾ ರಾಜ್ಯದ ಸಂವಿಧಾನದಲ್ಲೂ ಅಂಥದ್ದೇ ರಕ್ಷಣೆ ಇದೆ.

ಈಗ 2005ಕ್ಕೆ ಬನ್ನಿ.

ಜುಲೈ 7, ಬೆಳಗಿನ ಜಾವ ಸುಮಾರು ಎರಡು ಗಂಟೆ. ರಾಜಧಾನಿ ಹ್ಯಾರಿಸ್‌ಬರ್ಗ್‌ನಲ್ಲಿ ಊರೆಲ್ಲ ಮಲಗಿರೋ ಹೊತ್ತಲ್ಲಿ ಶಾಸನಸಭೆ ಒಂದು ಮಸೂದೆ ಪಾಸ್ ಮಾಡಿತು. ಸಾರ್ವಜನಿಕ ವಿಚಾರಣೆ ಇಲ್ಲ, ಚರ್ಚೆ ಇಲ್ಲ. ಮಸೂದೆಯಲ್ಲಿ ಇದ್ದದ್ದು ಸಂಬಳ ಏರಿಕೆ. ನ್ಯಾಯಾಧೀಶರಿಗೆ, ಸರ್ಕಾರದ ಉನ್ನತ ಅಧಿಕಾರಿಗಳಿಗೆ, ಮತ್ತೆ ಮತ ಹಾಕ್ತಾ ಕೂತಿದ್ದ ಶಾಸಕರಿಗೇ. ಗವರ್ನರ್ ಎಡ್ ರೆಂಡೆಲ್ ಸಹಿ ಹಾಕಿದರು. ರಾಜ್ಯದ ಮುಖ್ಯ ನ್ಯಾಯಮೂರ್ತಿ ರಾಲ್ಫ್ ಕ್ಯಾಪಿ ಏರಿಕೆಯನ್ನ ಬಹಿರಂಗವಾಗಿಯೇ ಸಮರ್ಥಿಸಿದರು.

ಶಾಸಕರ ಮೂಲ ಸಂಬಳ ವರ್ಷಕ್ಕೆ 69,647 ಡಾಲರ್ ಇದ್ದದ್ದು 81,050 ಆಯ್ತು. ಏರಿಕೆ 11,403 ಡಾಲರ್. ಆ ವರ್ಷ ಆ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 5.15 ಡಾಲರ್. ವಾರಕ್ಕೆ 40 ಗಂಟೆಯಂತೆ, ಒಂದು ವಾರವೂ ರಜೆ ಹಾಕದೆ, 52 ವಾರ ದುಡಿದರೆ ಕೂಲಿಯವನಿಗೆ ಸಿಗೋದು 10,712 ಡಾಲರ್. ಅಂದ್ರೆ ಒಬ್ಬ ಶಾಸಕನಿಗೆ ರಾತ್ರೋರಾತ್ರಿ ಸಿಕ್ಕ ಏರಿಕೆ ಒಬ್ಬ ಕೂಲಿಯವನ ಇಡೀ ವರ್ಷದ ದುಡಿಮೆಗಿಂತ ಜಾಸ್ತಿ. ಆ 5.15 ಡಾಲರ್ 1997ರಿಂದ ಒಂದು ಪೈಸೆಯೂ ಏರಿರಲಿಲ್ಲ.

ಇನ್ನೊಂದು ಚಮತ್ಕಾರ ಕೇಳಿ. ಶಾಸಕರು ತಾವು ಗೆದ್ದ ಅವಧಿಯಲ್ಲಿ ತಮ್ಮ ಸಂಬಳ ತಾವೇ ಏರಿಸಿ ತಗೊಳ್ಳುವಂತಿಲ್ಲ ಅಂತ ಆ ರಾಜ್ಯದ ಸಂವಿಧಾನ ಹೇಳುತ್ತೆ. ಅದಕ್ಕೆ ಇವರು ಹುಡುಕಿದ ದಾರಿ, ಏರಿಕೆಯ ಮೊತ್ತವನ್ನ ಸಂಬಳ ಅನ್ನದೆ "ಖರ್ಚು" ಅಂತ ತಗೊಳ್ಳೋದು. ರಸೀದಿ ಬೇಡ, ವೋಚರ್ ಬೇಡ. ನಾನು ಆಫೀಸಲ್ಲಿ ಬಿಲ್ಲು ಬರೆಯೋ ಗುಮಾಸ್ತ. ಮೀಟಿಂಗಿಗೆ ತರಿಸಿದ ಟೀ ಬಿಸ್ಕತ್ತಿಗೆ ವೋಚರ್ ಇಲ್ಲ ಅಂದ್ರೆ ಆಡಿಟ್‌ನೋರು ಎರಡು ವರ್ಷ ಆದಮೇಲೂ ಆಕ್ಷೇಪಣೆ ಬರೀತಾರೆ. ಅಲ್ಲಿ ಕಾನೂನು ಮಾಡೋರೇ ವೋಚರ್ ಇಲ್ಲದ ಖರ್ಚಿಗೆ ಕಾನೂನು ಮಾಡ್ಕೊಂಡರು.

ಜನ ಸುಮ್ಮನಿರಲಿಲ್ಲ. ಜೀನ್ ಸ್ಟಿಲ್ಪ್ ಅನ್ನೋ ಹೋರಾಟಗಾರ ಗಾಳಿ ತುಂಬಿದ ದೊಡ್ಡ ಗುಲಾಬಿ ಹಂದಿಯ ಬೊಂಬೆ ತಗೊಂಡು ಊರೂರು ತಿರುಗಿದ. ಪಕ್ಷ ಯಾವುದಾದರೂ ಸರಿ, ಹಾಲಿ ಶಾಸಕರನ್ನೆಲ್ಲ ಗುಡಿಸಿ ಹಾಕಿ ಅಂತ ಚಳವಳಿ ಎದ್ದಿತು.

ಆದ್ರೆ ಆ ನವೆಂಬರಿನಲ್ಲಿ ಶಾಸಕರ ಚುನಾವಣೆ ಇರಲಿಲ್ಲ. ಮತಪತ್ರದಲ್ಲಿ ರಾಜ್ಯಮಟ್ಟದಲ್ಲಿ ಇದ್ದದ್ದು ನ್ಯಾಯಮೂರ್ತಿಗಳು. ಅಲ್ಲಿನ ಪದ್ಧತಿ ನಮಗೆ ವಿಚಿತ್ರ ಅನಿಸಬಹುದು. ನ್ಯಾಯಾಧೀಶರು ಚುನಾವಣೆಯಲ್ಲಿ ಗೆದ್ದು ಬರ್ತಾರೆ. ಹತ್ತು ವರ್ಷ ಆದಮೇಲೆ ಅವರ ಹೆಸರಿನ ಮುಂದೆ ಒಂದೇ ಪ್ರಶ್ನೆ, ಇವರನ್ನು ಮುಂದುವರಿಸಬೇಕೆ? ಹೌದು ಅಥವಾ ಇಲ್ಲ. ಎದುರಾಳಿ ಇರಲ್ಲ. 1968ರಿಂದ ಈ ಪದ್ಧತಿ ಇದೆ. ಅಷ್ಟು ವರ್ಷದಲ್ಲಿ ರಾಜ್ಯಮಟ್ಟದ ಒಬ್ಬ ನ್ಯಾಯಾಧೀಶರೂ ಸೋತಿರಲಿಲ್ಲ.

2005ರ ನವೆಂಬರ್ 8ರಂದು ರಾಜ್ಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರಸೆಲ್ ನೈಗ್ರೊ ಸೋತರು. ಅವರ ಜೊತೆ ಮತಪತ್ರದಲ್ಲಿದ್ದ ಸಾಂಡ್ರಾ ಶುಲ್ಟ್ಸ್ ನ್ಯೂಮನ್ ಹೇಗೋ ಪಾರಾದರು. ನೈಗ್ರೊ ಆ ಮಸೂದೆ ಬರೆದವರಲ್ಲ, ಅದಕ್ಕೆ ಮತ ಹಾಕಿದವರೂ ಅಲ್ಲ. ಜನರ ಸಿಟ್ಟಿಗೆ ಆ ದಿನ ಕೈಗೆ ಸಿಕ್ಕಿದವರು ಅವರು, ಅಷ್ಟೆ. ಕಳ್ಳ ಹಿತ್ತಲಿಂದ ಓಡಿಹೋದ, ಜಗಲಿ ಮೇಲೆ ಕೂತವನಿಗೆ ಏಟು ಬಿತ್ತು ಅನ್ನೋ ಹಾಗೆ.

ಆದ್ರೆ ಆ ಏಟಿನ ಸದ್ದು ಶಾಸನಸಭೆಗೆ ಕೇಳಿಸಿತು. ಒಂದೇ ವಾರದಲ್ಲಿ, ನವೆಂಬರ್ 16ಕ್ಕೆ, ಇಡೀ ಸಂಬಳ ಏರಿಕೆ ರದ್ದಾಯಿತು. ಮುಂದಿನ ಮೇ ತಿಂಗಳ ಪಕ್ಷದ ಒಳಚುನಾವಣೆಯಲ್ಲಿ 17 ಮಂದಿ ಹಾಲಿ ಶಾಸಕರು ಮನೆಗೆ ಹೋದರು, ಸೆನೆಟ್‌ನ ದೊಡ್ಡ ನಾಯಕರೂ ಸೇರಿ.

ಕಥೆ ಇಲ್ಲಿಗೆ ಮುಗೀಲಿಲ್ಲ. 2006ರ ಸೆಪ್ಟೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಶಾಸಕರ ವೋಚರ್ ಇಲ್ಲದ ಖರ್ಚು ಸಂವಿಧಾನಬಾಹಿರ. ಆದ್ರೆ ನ್ಯಾಯಾಧೀಶರ ಏರಿಕೆಯನ್ನ ರದ್ದು ಮಾಡಿದ್ದು ತಪ್ಪು, ಯಾಕಂದ್ರೆ ಒಮ್ಮೆ ಕೊಟ್ಟ ಸಂಬಳ ಇಳಿಸುವಂತಿಲ್ಲ. ಹಾಗಾಗಿ ನ್ಯಾಯಾಧೀಶರಿಗೆ ಏರಿಕೆ ವಾಪಸ್ ಸಿಕ್ಕಿತು. ತೀರ್ಪು ಬರೆದವರೂ ನ್ಯಾಯಾಧೀಶರೇ. ಆ ಕೇಸು ಹಾಕಿದ್ದವನು ಅದೇ ಹಂದಿ ಬೊಂಬೆಯ ಸ್ಟಿಲ್ಪ್!

ಕಾನೂನಿನ ಪ್ರಕಾರ ಈ ತೀರ್ಪು ಸರಿಯೇ ಅಂತ ನನಗನಿಸುತ್ತೆ. ನಾಳೆ ಸರ್ಕಾರದ ವಿರುದ್ಧ ತೀರ್ಪು ಬಂತು ಅಂತ ಶಾಸಕರು ಜಡ್ಜ್ ಸಂಬಳ ಕತ್ತರಿಸೋಕೆ ಹೊರಟರೆ ಇದೇ ಸಾಲು ಅಡ್ಡ ನಿಲ್ಲುತ್ತೆ. ಆ ಸಾಲು ಯಾರಿಗೆ ಬೇಕು? ದುಡ್ಡಿರೋನಿಗೆ ಬೇಕಿಲ್ಲ, ಅವನಿಗೆ ಬೇರೆ ದಾರಿ ನೂರಿವೆ. ನಮ್ಮಂಥವರಿಗೇ ಬೇಕು. ಸರ್ಕಾರದ ವಿರುದ್ಧ, ಊರಗೌಡನ ವಿರುದ್ಧ, ಪೊಲೀಸರ ವಿರುದ್ಧ ಹೋಗೋಕೆ ನಮಗಿರೋದು ಅದೊಂದೇ ಬಾಗಿಲು.

ಮತ್ತೊಂದು ಕಾರಣ ಇದೆ. ಜಡ್ಜ್‌ಗೆ ಸಂಬಳ ಕಡಿಮೆ ಇಟ್ಟರೆ ಆ ಕುರ್ಚಿಗೆ ಯಾರು ಬರ್ತಾರೆ? ಅಪ್ಪನ ಆಸ್ತಿ ಇರೋನು ಬರ್ತಾನೆ. ಹಾಸ್ಟೆಲ್‌ನಲ್ಲಿ ಓದಿ, ಸೀನಿಯರ್ ವಕೀಲರ ಕೈಕೆಳಗೆ ಹತ್ತು ವರ್ಷ ಫೈಲು ಹೊತ್ತು, ತಂಗಿ ಮದುವೆ ಸಾಲ ತೀರಿಸ್ತಾ ಇರೋ ನಮ್ಮ ಹುಡುಗ ಬರಲ್ಲ. ಈಗಲೇ ಲೆಕ್ಕ ನೋಡಿ. 2018ರ ನಂತರ ನೇಮಕವಾದ ಹೈಕೋರ್ಟ್ ನ್ಯಾಯಮೂರ್ತಿಗಳಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಐದು ಜನವೂ ಇಲ್ಲ ಅನ್ನೋದು ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟ ಅಂಕಿಯಿಂದ ಗೊತ್ತಾಗುತ್ತೆ. ಅದಕ್ಕೆ ಕಾರಣ ಸಂಬಳ ಒಂದೇ ಅಲ್ಲ, ನೇಮಕ ಮಾಡೋ ರೀತಿಯೇ ದೊಡ್ಡ ಕಾರಣ. ಆದ್ರೂ ಸಂಬಳ ಕಮ್ಮಿ ಮಾಡಿ ಅನ್ನೋ ಕೂಗು ಕೊನೆಗೆ ನಮ್ಮ ಹುಡುಗರ ಕಾಲಿಗೇ ಕೊಡಲಿ.

ಹಾಗಾಗಿ ಮೊದಲನೇ ಮಾತಿಗೆ ನನ್ನ ಉತ್ತರ, ಕೊಡಿ. ಆದ್ರೆ ರಾತ್ರಿ ಎರಡು ಗಂಟೆಗೆ ಅಲ್ಲ, ಹಗಲಲ್ಲಿ ಕೊಡಿ. ಚರ್ಚೆ ಮಾಡಿ ಕೊಡಿ. ಶಾಸಕರು ತಮ್ಮ ಏರಿಕೆಯನ್ನ ನ್ಯಾಯಾಧೀಶರ ಕರಿಕೋಟಿನ ಹಿಂದೆ ಬಚ್ಚಿಟ್ಟು ತಗೊಳ್ಳೋಕೆ ಬಿಡಬೇಡಿ. ಪೆನ್ಸಿಲ್ವೇನಿಯಾದಲ್ಲಿ ಆಗಿದ್ದು ಅದೇ. ಜನರ ಸಿಟ್ಟು ಏರಿಕೆಯ ಮೊತ್ತದ ಮೇಲಷ್ಟೇ ಅಲ್ಲ, ಕದ್ದು ಮಾಡಿದ ರೀತಿಯ ಮೇಲೆ.

ಈಗ ಎರಡನೇ ಮಾತು. ಹೊಟ್ಟೆ ತುಂಬಿದ್ರೆ ಲಂಚ ಮುಟ್ಟಲ್ಲ ಅನ್ನೋದು.

ಅದೇ ಪೆನ್ಸಿಲ್ವೇನಿಯಾ, ಅದೇ ವರ್ಷಗಳು. ಲೂಝರ್ನ್ ಅನ್ನೋ ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ. ಅಲ್ಲಿ ಮಾರ್ಕ್ ಸಿಯಾವರೆಲ್ಲಾ, ಮೈಕೆಲ್ ಕೊನಹನ್ ಅಂತ ಇಬ್ಬರು ಜಡ್ಜ್‌ಗಳು. ಸರ್ಕಾರದ ಬಾಲಬಂಧಿಖಾನೆ ಮುಚ್ಚಿಸಿ, ಖಾಸಗಿಯವರ ಬಂಧಿಖಾನೆಗೆ ಮಕ್ಕಳನ್ನ ತುಂಬೋಕೆ ದಾರಿ ಮಾಡಿಕೊಟ್ಟು, ಇಬ್ಬರೂ ಸೇರಿ 28 ಲಕ್ಷ ಡಾಲರ್ ಆಸುಪಾಸು ತಗೊಂಡರು. ಎಂಥ ಮಕ್ಕಳು ಗೊತ್ತಾ? ಶಾಲೆಯ ಉಪಪ್ರಾಂಶುಪಾಲರನ್ನ ಅಣಕಿಸಿ ಇಂಟರ್‌ನೆಟ್‌ನಲ್ಲಿ ಒಂದು ಪುಟ ಮಾಡಿದ ಹುಡುಗಿಯನ್ನೂ ಒಳಗೆ ಹಾಕಿದರು. ಎಷ್ಟೋ ಮಕ್ಕಳಿಗೆ ವಕೀಲರೇ ಇರಲಿಲ್ಲ. ನಿಮಿಷಗಳಲ್ಲಿ ವಿಚಾರಣೆ, ಆಮೇಲೆ ಕೈಗೆ ಕೋಳ.

ಇವರ ಸಂಬಳ ಕಡಿಮೆ ಇತ್ತಾ? ಇಲ್ಲ. ಸಂಬಳ ಏರಿಕೆ ವಾಪಸ್ ಸಿಕ್ಕ ನ್ಯಾಯಾಧೀಶರಲ್ಲಿ ಇವರೂ ಇದ್ದರು. ಫಿಲಡೆಲ್ಫಿಯಾದ ಮಕ್ಕಳ ಹಕ್ಕಿನ ವಕೀಲರು 2008ರಲ್ಲೇ ರಾಜ್ಯದ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. 2009ರ ಜನವರಿ ಆರಂಭದಲ್ಲಿ ಕೋರ್ಟ್ ಅದನ್ನ ತಳ್ಳಿಹಾಕಿತು. ಅದೇ ತಿಂಗಳ ಕೊನೆಗೆ ಕೇಂದ್ರದ ತನಿಖಾಧಿಕಾರಿಗಳು ಇಬ್ಬರ ಮೇಲೂ ಆರೋಪ ಹೊರಿಸಿದ ಮೇಲಷ್ಟೇ ಕೋರ್ಟ್ ಎಚ್ಚೆತ್ತಿತು. ಸಾವಿರಾರು ಮಕ್ಕಳ ಶಿಕ್ಷೆ ರದ್ದಾಯಿತು. ಸಿಯಾವರೆಲ್ಲಾಗೆ 28 ವರ್ಷ, ಕೊನಹನ್‌ಗೆ ಹದಿನೇಳೂವರೆ ವರ್ಷ ಜೈಲು. ಕೊನಹನ್ ಶಿಕ್ಷೆಯನ್ನ 2024ರ ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ ಮೊಟಕು ಮಾಡಿದರು. ಒಳಗೆ ಕಳೆದ ಆ ಮಕ್ಕಳ ವರ್ಷಗಳನ್ನ ಯಾರು ವಾಪಸ್ ಕೊಡ್ತಾರೆ?

ಅಂದ್ರೆ ಸಂಬಳ ಜಡ್ಜ್‌ನನ್ನ ಸರ್ಕಾರದಿಂದ ಕಾಪಾಡುತ್ತೆ. ಜನರನ್ನ ಜಡ್ಜ್‌ನಿಂದ ಕಾಪಾಡೋಕೆ ಬೇರೆ ಕಾವಲು ಬೇಕು. ವಕೀಲ ಬೇಕು, ತೆರೆದ ಬಾಗಿಲಿನ ವಿಚಾರಣೆ ಬೇಕು, ದೂರು ಬಂದಾಗ ಕಿವಿ ಕೊಡೋ ಮೇಲಿನ ಕೋರ್ಟು ಬೇಕು.

ಇನ್ನು ನಮ್ಮ ದೇಶಕ್ಕೆ ಬರೋಣ. ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದಲ್ಲೂ ಇದೇ ಕಾವಲು ಇದೆ. 125 ಮತ್ತು 221ನೇ ವಿಧಿ ನೋಡಿ. ನೇಮಕ ಆದಮೇಲೆ ನ್ಯಾಯಮೂರ್ತಿಗೆ ನಷ್ಟ ಆಗೋ ಹಾಗೆ ಸವಲತ್ತು ಬದಲಾಯಿಸುವಂತಿಲ್ಲ. ಆರ್ಥಿಕ ತುರ್ತು ಪರಿಸ್ಥಿತಿ ಘೋಷಣೆ ಆದ್ರೆ ಮಾತ್ರ ಕಡಿತಕ್ಕೆ ಅವಕಾಶ. ಅವರ ಸಂಬಳ ನೇರವಾಗಿ ಸಂಚಿತ ನಿಧಿಯ ಮೇಲೆ ಬೀಳುತ್ತೆ, ಸದನದಲ್ಲಿ ಮತಕ್ಕೆ ಹಾಕೋ ಹಾಗೇ ಇಲ್ಲ. 1950ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ತಿಂಗಳಿಗೆ 5,000 ರೂಪಾಯಿ, ಹೈಕೋರ್ಟ್ ನ್ಯಾಯಮೂರ್ತಿಗೆ 3,500. ಈಗ 2.80 ಲಕ್ಷ ಮತ್ತು 2.25 ಲಕ್ಷ. 2018ರಲ್ಲಿ ಸಂಸತ್ತು ಕಾಯ್ದೆ ಮಾಡಿ, 2016ರ ಜನವರಿಯಿಂದಲೇ ಅನ್ವಯ ಮಾಡಿತು.

ಕೆಳಗಿನ ಕೋರ್ಟಿನ ನ್ಯಾಯಾಧೀಶರ ಸಂಬಳಕ್ಕೆ 1996ರಲ್ಲಿ ಆಯೋಗ ಆಯ್ತು. ಅಧ್ಯಕ್ಷರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. 2002ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಸಂಬಳದ ಶಿಫಾರಸುಗಳನ್ನ ಬಹುಪಾಲು ಒಪ್ಪಿ ಜಾರಿ ಮಾಡಿ ಅಂತು. ಅದೇ ತೀರ್ಪಿನಲ್ಲಿ ಇನ್ನೊಂದು ಆದೇಶವೂ ಇತ್ತು. ಹತ್ತು ಲಕ್ಷ ಜನಸಂಖ್ಯೆಗೆ 50 ನ್ಯಾಯಾಧೀಶರು ಇರೋ ಹಾಗೆ ಐದು ವರ್ಷದಲ್ಲಿ ಸಂಖ್ಯೆ ಹೆಚ್ಚಿಸಿ ಅಂತ.

ಸಂಬಳ ಏರಿತು. ಮತ್ತೊಂದು ಆಯೋಗವೂ ಆಯ್ತು, ಮತ್ತೂ ಏರಿತು. ಆ ಎರಡನೇ ಆಯೋಗದ ಸವಲತ್ತು ಕೊಡೋಕೆ ತಡ ಮಾಡಿದ ಹಲವು ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳನ್ನ 2024ರಲ್ಲಿ ಸುಪ್ರೀಂ ಕೋರ್ಟ್ ಖುದ್ದು ಕರೆಸಿತು. ಆದ್ರೆ ಹತ್ತು ಲಕ್ಷಕ್ಕೆ 50 ಅನ್ನೋ ಆದೇಶ? ಇಪ್ಪತ್ತು ವರ್ಷ ದಾಟಿದರೂ ಅದರ ಅರ್ಧವೂ ಆಗಿಲ್ಲ. ಒಂದೇ ತೀರ್ಪು, ಎರಡು ಆದೇಶ. ಕುರ್ಚಿಯ ಮೇಲಿರೋರಿಗೆ ಸಂಬಂಧಪಟ್ಟಿದ್ದು ಜಾರಿ ಆಯ್ತು. ಕೋರ್ಟಿನ ಹೊರಗೆ ಮರದ ಕೆಳಗೆ ಕಾಯ್ತಾ ಕೂತೋರಿಗೆ ಸಂಬಂಧಪಟ್ಟಿದ್ದು ಕಾಗದದಲ್ಲೇ ಉಳೀತು.

ನನ್ನ ಅಸಲಿ ಮಾತು ಈಗ ಬರುತ್ತೆ.

ಅನ್ನ ಯಾರ ಕೈಲಿದೆಯೋ ನಾಲಗೆಯೂ ಅವರ ಕೈಲಿ. ಈ ಸತ್ಯ ಗೊತ್ತಿದ್ದಕ್ಕೇ ಅಮೆರಿಕದವರೂ ನಾವೂ ಜಡ್ಜ್ ಸಂಬಳಕ್ಕೆ ಬೇಲಿ ಹಾಕಿದ್ದು. ಆದ್ರೆ ಈ ಸತ್ಯ ಜಡ್ಜ್‌ಗೆ ಮಾತ್ರ ಅನ್ವಯ ಆಗುತ್ತಾ? ಕೋರ್ಟಲ್ಲಿ ಮಾತಾಡೋದು ಜಡ್ಜ್ ಒಬ್ಬರೇ ಅಲ್ಲವಲ್ಲ. ಕಟಕಟೆಯಲ್ಲಿ ನಿಲ್ಲೋ ಸಾಕ್ಷಿಯ ಅನ್ನ ಯಾರ ಕೈಲಿದೆ?

ನಮ್ಮ ಆಫೀಸಿನಲ್ಲಿ ಹೊರಗುತ್ತಿಗೆಯಲ್ಲಿ ಕಸ ಗುಡಿಸೋ ಒಬ್ಬ ಅಕ್ಕ ಇದ್ದರು. ಮೂರು ತಿಂಗಳ ಸಂಬಳ ಬಂದಿರಲಿಲ್ಲ. ಗುತ್ತಿಗೆದಾರನ ಕಡೆಯವನು ಒಂದು ಹಾಳೆ ತಂದ, "ಸಂಬಳ ಪೂರ್ತಿ ಪಡೆದಿದ್ದೇನೆ" ಅಂತ ಬರೆದಿದ್ದು. ಅಕ್ಕ ಸಹಿ ಹಾಕಿದರು. "ಯಾಕಕ್ಕ ಹಾಕಿದ್ರಿ?" ಅಂದೆ. "ಹಾಕ್ಲಿಲ್ಲ ಅಂದ್ರೆ ನಾಳೆಯಿಂದ ಬರಬ್ಯಾಡ ಅಂತಾರೆ ಸಾರ್. ಮೂರು ತಿಂಗಳದ್ದೂ ಹೋಯ್ತದೆ, ಮುಂದಿಂದೂ ಹೋಯ್ತದೆ" ಅಂದರು. ಅವರು ಸುಳ್ಳುಗಾತಿ ಅಲ್ಲ. ಅನ್ನ ಅವರ ಕೈಲಿರಲಿಲ್ಲ, ಅಷ್ಟೆ.

ಈಗ ಇದನ್ನ ಹಳ್ಳಿಗೆ ತಗೊಂಡು ಹೋಗಿ. ಆರೋಪಿಯ ಹೊಲದಲ್ಲೇ ಕೂಲಿ, ಅವನ ಅಂಗಡಿಯಲ್ಲೇ ಸಾಲ, ಅವನ ಬಾವಿಯಲ್ಲೇ ನೀರು. ಕೇಸು ಆದ್ಮೇಲೆ ವರ್ಷಗಟ್ಟಲೆ ವಾಯಿದೆ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಹೋಯ್ತು. ಕೊನೆಗೆ ಕಟಕಟೆಯಲ್ಲಿ "ನಾನು ನೋಡಿಲ್ಲ ಸ್ವಾಮಿ" ಅಂತಾನೆ. ಸಾಕ್ಷಿ ಉಲ್ಟಾ ಹೊಡೆದ ಅಂತ ನಾವು ಬೈತೀವಿ.

ಕಂಬಾಲಪಲ್ಲಿ ನೆನಪಿದೆಯಲ್ಲ? ಚಿಂತಾಮಣಿ ತಾಲ್ಲೂಕು, 2000ದ ಮಾರ್ಚ್ 11. ನಮ್ಮವರು ಏಳು ಜನ ಬೆಂಕಿಗೆ ಸಿಕ್ಕಿ ಸತ್ತರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆ. ಸಾಕ್ಷಿಗಳು ಉಲ್ಟಾ ಹೊಡೆದಿದ್ದರು. 2014ರಲ್ಲಿ ಹೈಕೋರ್ಟಲ್ಲೂ ಅದೇ ಉಳೀತು. ಅಲ್ಲಿ ಜಡ್ಜ್ ಸಂಬಳಕ್ಕೆ ಏನೂ ಕೊರತೆ ಇರಲಿಲ್ಲ. ಏಳು ಜನ ಸತ್ತರು, ಕೊಂದೋರು ಯಾರೂ ಇಲ್ಲ.

ಇನ್ನೊಂದು ಕಡೆ ಮರಕುಂಬಿ ನೋಡಿ. ಗಂಗಾವತಿ ತಾಲ್ಲೂಕಿನಲ್ಲಿ 2014ರಲ್ಲಿ ನಮ್ಮ ಕೇರಿಯ ಮೇಲೆ ನಡೆದ ದಾಳಿ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟ್ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹೈಕೋರ್ಟಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿದೆ, ಮೇಲ್ಮನವಿ ಮುಂದೆ ಏನಾಗುತ್ತೋ. ಆದ್ರೂ ಹತ್ತು ವರ್ಷ ಆದಮೇಲೂ ಕೆಳಗಿನ ಕೋರ್ಟಿನ ಒಬ್ಬ ನ್ಯಾಯಾಧೀಶರು ಅಂಥ ತೀರ್ಪು ಬರೀಬಹುದು ಅನ್ನೋದು ಗೊತ್ತಾಯ್ತು. ಜಡ್ಜ್ ಗಟ್ಟಿ ಇರಬೇಕು, ಸಾಕ್ಷಿಯೂ ಗಟ್ಟಿ ಇರಬೇಕು. ಒಂದು ಎತ್ತು ಕಟ್ಟಿ ಗಾಡಿ ಹೊಡೆಯೋಕಾಗಲ್ಲ.

ಆದ್ರೆ ಅದೇ ಸಂವಿಧಾನದಲ್ಲಿ ಕೂಲಿಯವನ ಜೀವನ ವೇತನ ಎಲ್ಲಿದೆ ನೋಡಿ. 43ನೇ ವಿಧಿಯಲ್ಲಿ, ನಿರ್ದೇಶಕ ತತ್ವಗಳ ಭಾಗದಲ್ಲಿ. ಅದನ್ನ ಹಿಡ್ಕೊಂಡು ನೇರವಾಗಿ ಕೋರ್ಟಿಗೆ ಹೋಗೋಕಾಗಲ್ಲ ಅಂತ 37ನೇ ವಿಧಿ ಹೇಳುತ್ತೆ. ಆದ್ರೂ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಕೇಸಿನಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು 23ನೇ ವಿಧಿ ನಿಷೇಧಿಸಿದ ಬಿಟ್ಟಿ ಚಾಕರಿ ಅಂತ ಸುಪ್ರೀಂ ಕೋರ್ಟೇ ಹೇಳಿತು. ದೊಡ್ಡ ಮಾತು. ಆದ್ರೆ ಕೂಲಿ ಬಾಕಿಗಾಗಿ ಯಾವ ಮುಖ್ಯ ಕಾರ್ಯದರ್ಶಿ ಹೋಗಿ ಕೋರ್ಟಲ್ಲಿ ನಿಂತಿದ್ದಾರೆ ನೀವೇ ಹೇಳಿ.

ಪೆನ್ಸಿಲ್ವೇನಿಯಾದಲ್ಲೂ ಅದೇ ಹಾಡು. ನ್ಯಾಯಾಧೀಶರ ಸಂಬಳ ಬೆಲೆ ಏರಿಕೆಗೆ ತಕ್ಕಂತೆ ವರ್ಷ ವರ್ಷ ತಾನಾಗೇ ಏರುತ್ತೆ. ಕನಿಷ್ಠ ಕೂಲಿ 2009ರಲ್ಲಿ 7.25 ಡಾಲರ್‌ಗೆ ಬಂದು ನಿಂತದ್ದು ಹದಿನೈದು ವರ್ಷ ದಾಟಿದರೂ ಅಲ್ಲೇ ನಿಂತಿತ್ತು.

ಹಾಗಾದ್ರೆ ನಾವೇನು ಮಾಡಬೇಕು? ಬರೀ ಬೈದು ಕೂರೋದು ಬೇಡ. ಕೈಗೆ ಸಿಗೋ ಒಂದು ಕೆಲಸ ಹೇಳ್ತೀನಿ.

ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 11ನೇ ನಿಯಮ ಅಂತ ಇದೆ. ವಿಚಾರಣೆಗೆ ಬರೋ ಸಂತ್ರಸ್ತರಿಗೆ, ಸಾಕ್ಷಿಗಳಿಗೆ ಪ್ರಯಾಣದ ಖರ್ಚು ಕೊಡಬೇಕು. ಆ ದಿನದ ನಿರ್ವಹಣೆಗೆ ಕನಿಷ್ಠ ಕೂಲಿಗೆ ಕಡಿಮೆ ಇಲ್ಲದಂತೆ ದುಡ್ಡು ಕೊಡಬೇಕು. ತಕ್ಷಣ ಕೊಡಬೇಕು, ತಪ್ಪಿದರೆ ಮೂರು ದಿನದ ಒಳಗೆ. ಕಾಯ್ದೆಯ 15ಎ ಕಲಮು ಸಾಕ್ಷಿಗಳ ರಕ್ಷಣೆ, ಪುನರ್ವಸತಿ, ಬೇಕಾದ್ರೆ ಬೇರೆ ಊರಿಗೆ ಸ್ಥಳಾಂತರ ಮಾಡೋದನ್ನೂ ಹೇಳುತ್ತೆ. ಇದು ಸಾಕ್ಷಿಯ ನಾಲಗೆಗೆ ಹಾಕಿದ ಬೇಲಿ. ಜಡ್ಜ್ ಸಂಬಳದ ಬೇಲಿಯಷ್ಟು ಎತ್ತರ ಇಲ್ಲ, ಆದ್ರೂ ಬೇಲಿಯೇ.

ನಿಮ್ಮೂರಲ್ಲಿ ಇಂಥ ಕೇಸು ನಡೀತಿದ್ರೆ ಸಾಕ್ಷಿಗಳನ್ನ ಕೇಳಿ. "ಕೋರ್ಟಿಗೆ ಹೋದ ದಿನದ ಕೂಲಿ ಬಂತಾ? ಬಸ್ ಚಾರ್ಜು ಬಂತಾ?" ಬಂದಿಲ್ಲ ಅಂದ್ರೆ ಸಮನ್ಸ್ ಪ್ರತಿ ಇಟ್ಟು ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಅವರ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು ಅಂತ ನಿಯಮ ಇದೆ. ಅಲ್ಲಿರೋ ನಮ್ಮ ಸದಸ್ಯರು ಎಷ್ಟು ಸಾಕ್ಷಿಗಳಿಗೆ, ಎಷ್ಟು ದಿನದಲ್ಲಿ, ಎಷ್ಟು ಕೊಟ್ಟಿರಿ ಅಂತ ಲಿಖಿತ ಉತ್ತರ ಕೇಳಲಿ. ಬಾಯಿಮಾತಿನ "ಆಯ್ತು ನೋಡೋಣ" ಬೇಡ. ಅರ್ಜಿ ಬರೆಯೋಕೆ ಬರಲ್ಲ ಅನ್ನೋರು ನನಗೆ ಮೆಸೇಜ್ ಮಾಡಿ, ನಮೂನೆ ಮಾಡಿ ಕೊಡ್ತೀನಿ. ಗುಮಾಸ್ತನ ಕೈಬರಹ ಇಷ್ಟಕ್ಕಾದ್ರೂ ಉಪಯೋಗ ಆಗ್ಲಿ.

ಜಡ್ಜ್‌ಗಳ ಸಂಬಳ ಏರಲಿ, ನನ್ನ ತಕರಾರಿಲ್ಲ. ಅವರು ಯಾರಿಗೂ ಹೆದರದೆ ತೀರ್ಪು ಬರೀಲಿ. ಹಾಗೇ ನಮ್ಮ ಸಾಕ್ಷಿಯೂ ಯಾರಿಗೂ ಹೆದರದೆ "ಹೌದು ಸ್ವಾಮಿ, ನಾನು ಕಣ್ಣಾರೆ ನೋಡಿದೆ" ಅನ್ನೋ ಹಾಗಾಗ್ಲಿ.

ಜೈ ಭೀಮ್. ಜೈ ಸಂವಿಧಾನ.